ನಾಲ್ಕು ದಿನ ಹಿಡಿಯುತ್ತಿದ್ದದ್ದು ಮೂರು ತಿಂಗಳು ಹಿಡಿಯಿತು

ಕಣದಲ್ಲಿ ಒಣಹಾಕಿದ ಮೆಕ್ಕೆಜೋಳ ಕಾಯೋಕೆ ಅಂತ ಮಗ ಕ್ಯಾಮೆರಾ ಹಾಕಿಸಿದ. ಒಂದು ಗೇಟಿಗೆ, ಒಂದು ಕಣ ಇರೋ ಹಿತ್ತಿಲಿಗೆ. ಮನೆಗೆ ಬೇರೆ ದಾರಿ ಇಲ್ಲ. ಕಂಡದ್ದೆಲ್ಲ ಟೀವಿ ಕೆಳಗಿನ ಡಬ್ಬಿಯ ಹಾರ್ಡ್ ಡಿಸ್ಕಿಗೆ ಹೋಗಿ ಕೂರುತ್ತೆ. ಅದರಲ್ಲಿ ನಾಲ್ಕು ದಿನಕ್ಕಷ್ಟೇ ಜಾಗ, ಐದನೇ ದಿನ ಹಳೇದನ್ನ ಅಳಿಸಿ ಹೊಸದು ಬರೆಯುತ್ತೆ ಅಂತ ಅವನೇ ಹೇಳಿದ್ದ. ನಾನು ಓದಿದ್ದು ಎರಡನೇ ಕ್ಲಾಸು. ನಾಲ್ಕು ಎಣಿಸೋಕೆ ಅಷ್ಟು ಸಾಕು.

ಎಣಿಸಬೇಕಿತ್ತು, ಯಾಕಂದ್ರೆ ಮಗಳು ಬರ್ತಿದ್ದಳು. ಹೊಲ ಭಾಗ ಮಾಡುವಾಗ ನನಗೇನೂ ಬೇಡ ಅಂತ ಸಹಿ ಹಾಕು ಅಂದ್ರೆ ಅವಳು ಹಾಕಲಿಲ್ಲ. ಅವತ್ತೇ ಅವಳ ಅಣ್ಣ, ನನ್ನ ಮಗ, ಇನ್ನು ಈ ಹೊಸಿಲು ತುಳಿಯಬೇಡ ಅಂದ. ಅವನು ಜೋಳದ ಲಾರಿ ಜೊತೆ ಹೋದ ದಿನ ಅವಳು ತನ್ನೂರು ಗೋವಿನಕೋವಿಯಲ್ಲಿ ಬಸ್ಸು ಹತ್ತೋಳು. ಬಂದು ಉಂಡು, ನನ್ನ ತಲೆಗೆ ಎಣ್ಣೆ ಹಚ್ಚಿ ಹೋಗೋಳು. ಮಗ ಏನಾದ್ರೂ ಕಳೆದರೆ ಮಾತ್ರ ಹಿಂದಿನದು ತೆಗೆದು ನೋಡ್ತಾನೆ. ಹಂಗಾಗಿ ಅವಳು ಬಂದುಹೋದ ಮೇಲೆ ನಾಲ್ಕು ದಿನ ಕುಡುಗೋಲು, ಚೀಲ, ಕೋಳಿ ಯಾವುದೂ ಕಳೆಯದಂಗೆ ನಾನೇ ಕಾಯ್ತಿದ್ದೆ.

ಆ ಡಿಸ್ಕು ಕೆಟ್ಟಿತು. ನ್ಯಾಮತಿಯಿಂದ ರಿಪೇರಿಯವನು ಬಂದು ಬೇರೆ ಹಾಕಿದ. ಅಂಗೈ ಅಗಲ, ಹಳೇದರಷ್ಟೇ. ಹಳೇದರಷ್ಟೇ ಹಿಡಿಯುತ್ತೆ ಅಂದುಕೊಂಡೆ. ಮಗಳು ಎರಡು ಸಲ ಬಂದುಹೋದಳು. ಆಮೇಲೆ ಆ ಮನುಷ್ಯ ಸಡಿಲಾದ ವೈರು ಬಿಗಿ ಮಾಡಾಕೆ ಬಂದಾಗ ಚಾ ಕೊಟ್ಟು ಕೇಳಿದೆ.

"ಇದೂ ನಾಲ್ಕು ದಿನ ತಾನೇ?"

"ಎಲ್ಲಿ ನಾಲ್ಕು ದಿನ ಅಜ್ಜಿ, ಮೂರು ತಿಂಗಳು!"

"ಇಷ್ಟೇ ಐತಲ್ಲಪ್ಪ."

"ಒಳಗಿನ ತಟ್ಟೆ ಹಳೇದರಷ್ಟೇ ಅಗಲ. ಅದರ ಮೇಲೆ ಬರೆಯೋ ಸಾಲು ಸಣ್ಣ ಮಾಡ್ಯಾರೆ, ಒತ್ತೊತ್ತಾಗಿ ಬರೀತೈತೆ."

"ಜೋಳ ಹಂಗೆ ಒತ್ತಾಗಿ ಹಾಕಿದ್ರೆ ತೆನೆ ಕಟ್ಟಲ್ಲ."

"ಇದು ಕಟ್ತೈತೆ ಬಿಡ್ರಿ," ಅಂತ ನಕ್ಕ.

"ನಡುವಿನ ಎರಡು ದಿನ ಕಿತ್ತುಹಾಕಾಕೆ ಬರ್ತೈತಾ?"

"ಕಿತ್ತಿದ್ದೂ ಕಾಣ್ತೈತೆ ಅಜ್ಜಿ."

ನಾಲ್ಕು ದಿನ ಕಾಯಬಹುದು. ಮೂರು ತಿಂಗಳು ಯಾರು ಕಾಯ್ತಾರೆ? ಹದಿನೈದು ದಿನಕ್ಕೆ ಜೋಳ ಮುಚ್ಚೋ ಒಂದು ತಾಡಪಾಲು ಕಾಣೆಯಾಯಿತು. ಮಗ ಟೀವಿ ಮುಂದೆ ಹಿಂದಿನದನ್ನ ಓಡಿಸುತ್ತಾ ಕೂತ. ನಿನ್ನೆ ಆಯಿತು, ಮೊನ್ನೆ ಆಯಿತು, ಹೋದ ವಾರ ಬಂತು. ಬಾಗಿಲಲ್ಲಿ ನಿಂತು ನಿಂತು ನನಗೆ ಸಾಕಾಗಿ ನಾನೇ ಹೇಳಿದೆ: "ನಿನ್ನ ತಂಗಿ ಬಂದಿದ್ಲು. ಎರಡು ಸಲ. ನಾನೇ ಕರೆದಿದ್ದೆ."

ಯಾವತ್ತು ಅಂತ ಕೇಳಿ, ಅವನು ಅವಳು ಕಡೇ ಸಲ ಬಂದ ದಿನಕ್ಕೇ ಹೋಗಿ ನಿಲ್ಲಿಸಿದ. ಟೀವಿಯಲ್ಲಿ ನಾನು ಹಿತ್ತಿಲಲ್ಲಿ ಅವಳ ಮುಂದೆ ಕೂದಲು ಬಿಚ್ಚಿಕೊಂಡು ಕೂತಿದ್ದೆ.

"ತಾಡಪಾಲು ಅವಳೇ ಒಯ್ದಳೇನು?"

"ಒಯ್ದಿದ್ದು ಒಂದು ಡಬ್ಬಿ ಉಪ್ಪಿನಕಾಯಿ. ಅದೂ ಕಾಣ್ತೈತೆ, ಕಣ್ಣು ಬಿಟ್ಟು ನೋಡು."

"ಇನ್ನು ಬರಬೇಡ ಅಂತ ಹೇಳವ್ವ. ಬಂದ್ರೆ ನನಗೆ ಗೊತ್ತಾಗ್ತೈತೆ."

ಮಗಳಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ನೀನೇ ಬಾ," ಅಂದಳು. ಹೂಂ ಅಂದೆ. ಹೋದ್ರೆ ಮಗ ಹೊಡೆಯೋನಲ್ಲ, ಬಯ್ಯೋನೂ ಅಲ್ಲ. ಮಾತು ಬಿಡ್ತಾನೆ. ಒಂದೇ ಮನೆಯಲ್ಲಿ ಮಾತಿಲ್ಲದೆ ಉಣ್ಣೋದು ನನಗಾಗಲ್ಲ.

ಹೂಂ ಅಂದು ಮೂರು ವಾರ ಆಯಿತು. ಬಸ್ಸಿನ ಹೊತ್ತಿಗೆ ದಿನಾ ಗೇಟಿನ ತನಕ ಹೋಗ್ತೀನಿ. ಅಲ್ಲಿಂದ ತಿರುಗಿ ಬರೋದನ್ನೂ ಆ ಡಬ್ಬಿ ಬರೆದಿಟ್ಟುಕೊಳ್ತಾ ಐತೆ.