ಮೂರನೆಯ ಹಲಗೆ

ನನ್ನ ದೊಡ್ಡಪ್ಪ ಮಾಣಿಕಪ್ಪನಿಗೆ ಹುಮನಾಬಾದಿನಲ್ಲಿ ಎರಡು ಹೆಸರು. ಎದುರಿಗೆ ಗಾಲಿ ಮಾಣಿಕಪ್ಪ, ಬೆನ್ನ ಹಿಂದೆ ದೋಣಿ ಮಾಣಿಕಪ್ಪ. ಮೊದಲನೆಯದು ಕಸುಬಿನಿಂದ ಬಂದದ್ದು. ಚಕ್ಕಡಿಯ ಗಾಲಿ ಮಾಡುವುದರಲ್ಲಿ ಅವನನ್ನು ಸರಿಗಟ್ಟುವ ಬಡಿಗ ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ಎರಡನೆಯದು ಅವನ ಶೋಕಿಯಿಂದ ಬಂದದ್ದು ಎಂದು ಊರವರು ತಿಳಿದಿದ್ದರು. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ಊರಲ್ಲಿ ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಹಿತ್ತಲಲ್ಲಿ ಕೂತು ಹಳೆಯ ಮೋಟಾರು ದೋಣಿ ರಿಪೇರಿ ಮಾಡಿದರೆ ಜನ ನಗದೆ ಇನ್ನೇನು ಮಾಡುತ್ತಾರೆ? ನಗಲಿ. ನನಗೆ ಮಾತ್ರ ಒಮ್ಮೆಯೂ ನಗು ಬರಲಿಲ್ಲ. ನನ್ನ ಅಪ್ಪ ಸತ್ತದ್ದು ಅದೇ ದೋಣಿಯಲ್ಲಿ.

1956ರ ನವೆಂಬರಿನಲ್ಲಿ ನಾಡು ಒಂದಾಗುವ ದಿನ ಕೆರೆಯಲ್ಲಿ ಬಾವುಟ ಕಟ್ಟಿದ ಮೋಟಾರು ದೋಣಿ ಓಡಿಸುವ ಹುಕಿ ಕಲ್ಯಾಣದ ಹಿರಿಯರಿಗೆ ಬಂತು. ಅಲ್ಲಿನ ಒಬ್ಬ ಜಾಗೀರದಾರರ ದೇವಡಿಯಲ್ಲಿ, ಅಂದರೆ ಹಳೆಯ ಮಹಲಿನಲ್ಲಿ, ನಿಜಾಮನ ಕಾಲದ್ದೊಂದು ಕಟ್ಟಿಗೆಯ ದೋಣಿ ಇತ್ತು. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಅದನ್ನು ಕೇಳುವವರಿಲ್ಲದೆ ಎಂಟು ವರ್ಷ ಕೊಟ್ಟಿಗೆಯಲ್ಲಿ ಕಲ್ಲುಗಳ ಮೇಲೆ ಒಣಗಿ ಬಿದ್ದಿತ್ತು. ಎಡಗಡೆ, ತಳದಿಂದ ಮೂರನೆಯ ಹಲಗೆ ಗೆದ್ದಲಿನ ಪಾಲಾಗಿತ್ತು. ಅದನ್ನು ಬದಲಿಸಲು ಹುಮನಾಬಾದಿನಿಂದ ದೊಡ್ಡಪ್ಪನನ್ನು ಕರೆಸಿದರು. ಅವನ ತಮ್ಮ ಸಂಗಪ್ಪ, ಅಂದರೆ ನನ್ನ ಅಪ್ಪ, ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನಡೆಸುತ್ತಿದ್ದ. ದೋಣಿಯ ಎಂಜಿನ್ ನೋಡಲು ಅವನೂ ಹೋದ. ನನ್ನ ಅವ್ವ ಕೇಶರಬಾಯಿಯ ತವರು ಕಲ್ಯಾಣವೇ, ಅವರೂ ಗಾಲಿ ಮಾಡುವ ಬಡಿಗರೇ. ಹಾಗಾಗಿ ಬಸುರಿ ಅವ್ವನೂ ಜೊತೆಗೆ ಹೋಗಿ ತವರಲ್ಲಿ ಇಳಿದು ಇಬ್ಬರಿಗೂ ಬುತ್ತಿ ಒಯ್ಯುತ್ತಿದ್ದಳು. ಹೊಟ್ಟೆಯಲ್ಲಿ ನಾನಿದ್ದೆ.

ದೊಡ್ಡಪ್ಪ ಸಾಗವಾನಿಯ ಹೊಸ ಹಲಗೆ ಕೂಡಿಸಿದ, ದೋಣಿಗೆಲ್ಲ ಡಾಂಬರು ಬಳಿದ. ಅಪ್ಪ ಎಂಜಿನ್ ಗುಡುಗಿಸಿದ. ಹಬ್ಬದ ದಿನ ಅಪ್ಪನೂ ಸೇರಿ ನಾಲ್ಕು ಜನ ಹತ್ತಿ ಹೋದರು. ಕೆರೆಯ ನಡುವೆ ದೋಣಿಯೊಳಗೆ ನೀರು ತುಂಬಿತು. ಮೂವರು ಈಜಿ ಬಂದರು. ನಮ್ಮ ಒಣಭೂಮಿಯ ಅಪ್ಪನಿಗೆ ಈಜು ಎಲ್ಲಿಂದ ಬರಬೇಕು?

ಐದನೆಯ ದಿನ ನಾಲ್ಕು ಜೋಡಿ ಎತ್ತು ಹೂಡಿ, ಸರಪಳಿ ಕಟ್ಟಿ ದೋಣಿಯನ್ನು ಎಳೆದರು. ಹಳೆಯ ಹಲಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿದ್ದವು. ಹೊಸ ಹಲಗೆಯ ಒಂದು ಮೂಲೆ ಮಾತ್ರ ಎದ್ದಿತ್ತು. ದಂಡೆಯಲ್ಲಿದ್ದ ಯಾರೋ ಹಿರಿಯರು ಒಂದೇ ಮಾತು ಅಂದರು: "ಹೊಸ ಹಲಗಿ ಕೈಕೊಟ್ಟದ."

ಆ ಮಾತು ದೊಡ್ಡಪ್ಪನನ್ನು ತಿಂದುಹಾಕಿತು. ಆ ಮೂಲೆ ನೀರಿನಲ್ಲೇ ಎದ್ದಿತೋ, ಎಳೆಯುವಾಗ ಸರಪಳಿ ಸಿಕ್ಕಿ ಎದ್ದಿತೋ? ಯಾರೂ ನೋಡಿದವರಿಲ್ಲ. ಮರುವರ್ಷ ಅವನು ದೇವಡಿಯ ಕಾವಲುಗಾರನನ್ನು ಕೇಳಿ ದೋಣಿಯನ್ನು ಚಕ್ಕಡಿಯ ಮೇಲೆ ಹೇರಿಕೊಂಡು ಹೊರಟ. ದಾರಿಯಲ್ಲಿ ರಾಜೇಶ್ವರದ ಜನ "ದನಕ್ಕ ನೀರು ಕುಡಿಸೋ ದೋಣಿ ಏನ್ರಿ ಇದು?" ಎಂದು ಚೇಷ್ಟೆ ಮಾಡಿದರಂತೆ. ಮನೆಗೆ ಬಂದಾಗ ಅವ್ವ ನನ್ನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ದೋಣಿ ನೋಡಿದಳು, ಸೆರಗು ಮುಂದೆಳೆದುಕೊಂಡು ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ.

ಆಡುವಂತೆಯೂ ಇರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ಬಾಯಿ ತೆರೆಯಬಾರದು. ಏನಾದರೂ ಹೇಳುವುದಿದ್ದರೆ ನಡುವೆ ಇನ್ನೊಬ್ಬರು ಬೇಕು. ಮೊದಲು ದೊಡ್ಡವ್ವ ಇದ್ದಳು. ಮಕ್ಕಳಿಲ್ಲದ ಆಕೆ ನನಗೆ ನಾಲ್ಕು ವರ್ಷವಾದಾಗ ತೀರಿಕೊಂಡಳು. ಆಮೇಲೆ ಆ ಕೆಲಸ ನನ್ನ ತಲೆಗೆ ಬಂತು.

"ಮುಕ್ತಾ, ಊಟ ಮಾಡ್ರಿ ಅಂತ ದೊಡ್ಡಪ್ಪಗ ಹೇಳು."

"ದೊಡ್ಡಪ್ಪಾ, ಊಟ ಮಾಡ್ರಿ ಅಂತ."

"ಬರಾಕತ್ತೇನಿ ಅಂತ ಹೇಳವ್ವ."

ಇಬ್ಬರ ನಡುವೆ ಮೂರು ಮೊಳ ಜಾಗ! ಅವನ ಮಾತು ಅವಳಿಗೆ ಕೇಳುತ್ತಿತ್ತು, ಅವಳದು ಅವನಿಗೆ. ಆದರೂ ನಾನು ಆಟ ಬಿಟ್ಟು ಓಡಿಬಂದು ಆ ಮಾತನ್ನೇ ಮತ್ತೆ ಒಪ್ಪಿಸಬೇಕಿತ್ತು. ನಾನು ಮದುವೆಯಾಗಿ ರಾಜೇಶ್ವರಕ್ಕೆ ಹೋದ ಮೇಲೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಾತಾಡಲು ಶುರುಮಾಡಿದಳು. "ಊಟ ಆಗೇದ" ಎಂದು ಗೋಡೆಗೆ ಹೇಳಿದರೆ ದೊಡ್ಡಪ್ಪ ಎದ್ದು ಕೈತೊಳೆಯುತ್ತಿದ್ದ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದಿನದ ಕೆಲಸ ಮುಗಿದ ಮೇಲೆ ದೊಡ್ಡಪ್ಪ ದೋಣಿಯ ಹತ್ತಿರ ಹೋಗುತ್ತಿದ್ದ. ಹಳೆಯ ಡಾಂಬರು ಕೆರೆದ. ಕಿಲುಬು ಹಿಡಿದ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದ. ಮುರಿದ ಚುಕ್ಕಾಣಿಯ ಬದಲು ಬೀಟೆ ಕಟ್ಟಿಗೆಯಲ್ಲಿ ಹೊಸದು ಕಡೆದ. ಗಿರಣಿಯಲ್ಲಿ ಅಪ್ಪನ ಜೊತೆಗಿದ್ದ ಮೊಹಿನುದ್ದೀನ್ ಚಾಚಾ ನಾಲ್ಕು ವರ್ಷ ತಲೆಕೆಡಿಸಿಕೊಂಡು ಎಂಜಿನ್ನಿಗೆ ಜೀವ ಬರಿಸಿದ. ಆ ಮೂರನೆಯ ಹಲಗೆಯನ್ನು ಮಾತ್ರ ದೊಡ್ಡಪ್ಪ ಬದಲಿಸಲಿಲ್ಲ. ಎದ್ದ ಮೂಲೆಯನ್ನು ಅವೇ ಮೊಳೆಗಳಿಂದ, ಅವೇ ತೂತುಗಳಲ್ಲಿ ಮೊದಲಿದ್ದಂತೆ ಕೂಡಿಸಿದ.

ದೋಣಿ ತಯಾರಾದರೂ ಅದನ್ನು ನೀರಿಗೆ ಒಯ್ಯಲಿಲ್ಲ. ಒಂದು ವರ್ಷ ಬಣ್ಣ ಸರಿಯಿಲ್ಲ, ಇನ್ನೊಂದು ವರ್ಷ ಚಕ್ಕಡಿ ಸಿಗಲಿಲ್ಲ. ಎಪ್ಪತ್ತೆರಡರ ಬರದಲ್ಲಿ ಕೆರೆಯೇ ಬಿರುಕು ಬಿಟ್ಟಿತ್ತು, ಆಗ ಅವನ ಮುಖದಲ್ಲಿ ಒಂದು ನಿರಾಳ ಕಂಡೆ. ನನಗೆ ಆಗ ಹದಿನೈದು ವರ್ಷ. ತಡೆಯಲಾಗಲಿಲ್ಲ.

"ಸುಟ್ಟುಬಿಡು ದೊಡ್ಡಪ್ಪಾ ಇದನ್ನ. ಅಪ್ಪನ್ನ ತಿಂದದ್ದು, ಇನ್ನ ನಿನ್ನ ತಿನ್ನಾಕತ್ತದ."

ಅವನು ಕಟ್ಟಿಗೆ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟ. "ಸುಟ್ರ ನನಗ ಗೊತ್ತಾಗೂದು ಹ್ಯಾಂಗ, ಮುಕ್ತಾ? ನನ್ನ ಹಲಗಿ ನಿಮ್ಮಪ್ಪನ್ನ ಕೊಂದದೋ ಇಲ್ಲೋ, ಇದು ಒಂದೇ ಹೇಳಬೇಕು. ಬ್ಯಾರೆ ಸಾಕ್ಷಿ ಯಾರದಾರ?"

"ಹಂಗಂದ್ರ ಇವತ್ತೇ ನೀರಿಗಿ ಬಿಡು."

"ಅಂಜಿಕಿ ಬರ್ತದ" ಎಂದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಮತ್ತೆ ಆ ಮಾತು ಎತ್ತಲಿಲ್ಲ.

1979ರ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕೈ ನಡುಗಲು ಶುರುವಾಗಿತ್ತು. ಉಳಿ ಹಿಡಿದರೆ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ನನಗೆ ಹೇಳಿ ಕಳಿಸಿದ: ಕೆರೆ ತುಂಬಿದೆ, ಇನ್ನು ತಡಮಾಡುವುದಿಲ್ಲ. ಅಂದು ಬಳಿದಷ್ಟೇ ಡಾಂಬರು ಬಳಿದ, ಅಂದಿನಂತೆಯೇ ಒಣ ದೋಣಿಯನ್ನು ಟ್ರ್ಯಾಕ್ಟರಿಗೆ ಏರಿಸಿದ. ಅವ್ವ ಗೋಡೆಗೆ "ನಾನೂ ಬರ್ತೀನಿ" ಎಂದಳು. ಯಾಕೆ ಎಂದು ದೊಡ್ಡಪ್ಪ ನನ್ನ ಮೂಲಕವೂ ಕೇಳಲಿಲ್ಲ.

ಕಲ್ಯಾಣದ ಕೆರೆಯಲ್ಲಿ ದೋಣಿಯನ್ನು ಹಗ್ಗದಿಂದ ಕಟ್ಟಿ ಸೊಂಟಮಟ್ಟದ ನೀರಿಗೆ ಇಳಿಸಿದೆವು. ಹಗ್ಗ ಮೊಹಿನುದ್ದೀನ್ ಚಾಚಾನ ಕೈಯಲ್ಲಿತ್ತು. ದೊಡ್ಡಪ್ಪ ದೋಣಿಯೊಳಗೆ ಬೋರಲು ಮಲಗಿ ಮೂರನೆಯ ಹಲಗೆಗೆ ಮುಖ ತಾಗಿಸಿದ. ನಾನು ದಂಡೆಯಲ್ಲಿ ನಿಂತು ನೋಡುತ್ತಿದ್ದೆ. ಆ ಹಲಗೆಯಿಂದಲೇ ನೀರು ಬಂದರೆ ಈ ಮನುಷ್ಯ ಇಲ್ಲೇ ಪ್ರಾಣ ಬಿಡುತ್ತಾನೆ ಅನ್ನಿಸಿತು.

"ಬರಾಕತ್ತದ!" ಎಂದು ಕೂಗಿದ. ಅವನು ಎದ್ದು ಕುಳಿತು ಅತ್ತ ನೋಡಿದ, ಇತ್ತ ನೋಡಿದ. "ಎಲ್ಲಾ ಕಡಿಂದ ಬರಾಕತ್ತದ! ಎಲ್ಲಾ ಸಂದಿಂದ! ನನ್ನ ಹಲಗಿ ಒಂದೇ ಅಲ್ಲವ್ವ ಮುಕ್ತಾ, ನನ್ನ ಹಲಗಿ ಅಲ್ಲ!"

ಡಾಂಬರು ಬಿರಿದು ಹಲಗೆ ಹಲಗೆಯ ನಡುವಿನಿಂದ ನೀರು ನುಗ್ಗುತ್ತಿತ್ತು. ದೋಣಿ ಮೆಲ್ಲಗೆ ಕೆಸರಿನಲ್ಲಿ ಕೂತಿತು. ಅವನು ಸೊಂಟಮಟ್ಟ ನೀರಲ್ಲಿ ನಿಂತು ಮಗುವಿನ ಹಾಗೆ ಅತ್ತ. ನಾನೂ ಸೀರೆ ಒದ್ದೆಯಾಗುವುದನ್ನು ಲೆಕ್ಕಿಸದೆ ಇಳಿದು ಅವನನ್ನು ತಬ್ಬಿಕೊಂಡು ಅತ್ತೆ. ಆ ಸಂಜೆ ಅವ್ವನ ತವರಿನಲ್ಲಿ ಅವನು ಎರಡು ರೊಟ್ಟಿ ಹೆಚ್ಚು ತಿಂದ. ಅವ್ವ ಮಾತ್ರ ತುತ್ತು ಮುಟ್ಟಲಿಲ್ಲ. ದಣಿವಿರಬೇಕು ಅಂದುಕೊಂಡೆ.

ಟ್ರ್ಯಾಕ್ಟರ್ ಮತ್ತೆ ಸಿಕ್ಕಿದ್ದು ನಾಲ್ಕನೆಯ ದಿನ, ಅಲ್ಲಿಯವರೆಗೆ ದೋಣಿ ನೀರಲ್ಲೇ ಇತ್ತು. ದೋಣಿಯನ್ನು ಎಳೆಯುವ ಮೊದಲು ಚಾಚಾ ಅದರೊಳಗಿನ ನೀರನ್ನು ಡಬ್ಬಿಯಿಂದ ಎತ್ತಿ ಚೆಲ್ಲಿದ. ಅರ್ಧ ಬರಿದಾಗುತ್ತಲೇ ದೋಣಿ ಕೆಸರು ಬಿಟ್ಟು ಮೇಲೆದ್ದಿತು. ತಳ ಕಂಡಿತು. ಮತ್ತೆ ನೀರು ಬರಲಿಲ್ಲ. ಕಾದೆವು. ಒಂದು ಹನಿಯೂ ಬರಲಿಲ್ಲ. ದೋಣಿ ಕೆರೆಯ ಮೇಲೆ ಹಗುರಾಗಿ ತೇಲುತ್ತ ನಿಂತಿತು.

ದೊಡ್ಡಪ್ಪ ಸಂದುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಉಗುರು ಕೂಡ ಹೋಗದಷ್ಟು ಬಿಗಿಯಾಗಿದ್ದವು. ನಗುತ್ತಿದ್ದ ಅವನ ಮುಖ ನಮ್ಮ ಕಣ್ಣೆದುರೇ ಕಪ್ಪಿಟ್ಟಿತು.

"ನೆನೆದದ" ಎಂದ. "ಗಾಲಿ ನೆನೆದಂಗ ನೆನೆದದ."

ದಂಡೆಗೆ ಬಂದು ಕುಸಿದು ಕೂತ. ಬೇಸಿಗೆಯಲ್ಲಿ ಗಾಲಿಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ನೀರಲ್ಲಿ ಹಾಕಿಟ್ಟರೆ ಕಟ್ಟಿಗೆ ಉಬ್ಬಿ ಮತ್ತೆ ಬಿಗಿಯಾಗುತ್ತದೆ. ನಮ್ಮ ಮನೆಗೆ ಬಂದ ಪ್ರತಿ ರೈತನಿಗೂ ಅವನು ಹೇಳುತ್ತಿದ್ದ ಮಾತು ಅದೇ: ನೆನೆಸದೆ ಹೂಡಬ್ಯಾಡ್ರಿ. ಎಂಟು ವರ್ಷ ಒಣಗಿದ ದೋಣಿಯನ್ನು ಅವನೇ ನಿಂತು ನೆನೆಸದೆ ನಡುಗೆರೆಗೆ ಕಳಿಸಿದ್ದ. ಅಪ್ಪನ ಜೊತೆ ಮುಳುಗಿ ಐದು ದಿನ ನೆನೆದ ಮೇಲೆ ಹಳೆಯ ಹಲಗೆಗಳು ಬಿಗಿದುಕೊಂಡವು, ತಪ್ಪೆಲ್ಲ ಹೊಸ ಹಲಗೆಯ ಮೇಲೆ ಬಿತ್ತು. ತನ್ನ ಹಲಗೆಯೊಂದನ್ನೇ ನೋಡುತ್ತ ಕೂತವನಿಗೆ ಇಪ್ಪತ್ಮೂರು ವರ್ಷ ಉಳಿದ ಹಲಗೆಗಳು ಕಾಣಲೇ ಇಲ್ಲ.

"ನೀರಾಗ ಇರೋ ಸಾಮಾನಿಗಿ ಏನು ನೆನೆಸೂದು ಅಂತ ತಿಳಿದೆ" ಎಂದ. "ಹಲಗಿ ಅಲ್ಲ ಮುಕ್ತಾ. ನಾನೇ. ನಾನೇ ಕೊಂದೆ."

ಆಗ ನನ್ನ ಹಿಂದಿನಿಂದ ಒಂದು ದನಿ ಬಂತು.

"ಭಾವಾ, ನನಗ ಗೊತ್ತಿತ್ತರಿ."

ಅವ್ವ! ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ಅವಳು ಗೋಡೆಯ ಕಡೆಗಾಗಲಿ ನನ್ನ ಕಡೆಗಾಗಲಿ ನೋಡುತ್ತಿರಲಿಲ್ಲ. ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದಳು.

"ಡಾಂಬರ ಬಳಿಯೋಕಿಂತ ಮೊದಲ ಬುತ್ತಿ ತಂದಿದ್ದೆ. ದೋಣಿ ಬೋರಲ ಇಟ್ಟಿದ್ರಿ, ಒಳಗ ಸಂದಿಂದೆಲ್ಲ ಬಿಸಲ ಬಿದ್ದಿತ್ತು. ತವರಾಗ ಗಾಲಿಗಿ ನೀರ ಹಾಕಾದು ನಂದೇ ಕೆಲಸ ಇತ್ತರಿ. ನೋಡಿದ ಕೂಡಲೇ ತಿಳೀತು, ಇದು ನೆನೀಬೇಕು ಅಂತ. ನೀವು ಎದುರಿಗೇ ನಿಂತಿದ್ರಿ. ಭಾವನ ಮುಂದ ಹ್ಯಾಂಗ ಬಾಯಿ ತೆಗೀಲಿ? ಸಂಜಿಗಿ ಅವರಿಗಿ ಹೇಳಿದೆ. ಅಣ್ಣಗ ಹೇಳ್ತೀನಿ ಅಂದ್ರು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಹೇಳಿದ್ರೇನ್ರಿ ಅವರು? ಅಷ್ಟು ಒಂದು ಹೇಳ್ರಿ ನನಗ."

"ಇಲ್ಲವ್ವ" ಎಂದ ದೊಡ್ಡಪ್ಪ. "ಹೇಣ್ತಿ ಬುದ್ಧಿ ಹೊತ್ಕೊಂಡು ಬಂದ ಅಂತ ನಾ ನಗ್ತೀನಿ ಅಂತ ಅಂಜಿರಬೇಕು."

"ನಾ ಆವಾಗ ನಿಮ್ಮ ಮುಂದೇ ಅಂದುಬಿಟ್ಟಿದ್ರ ಅವರು ಇರ್ತಿದ್ರು."

"ಇಲ್ಲ, ಕೇಶರಾ." ಅವನ ಬಾಯಲ್ಲಿ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. "ನೀ ಅಂದಿದ್ರೂ ನಾ ಕೇಳ್ತಿದ್ದಿಲ್ಲ. ಹೆಣ್ಮಗಳ ಮಾತು ಅಂತ ನಕ್ಕು ದೋಣಿ ಬಿಡ್ತಿದ್ದೆ. ಇದು ಖರೇ. ಇದನ್ನ ನೀ ಹೊರಬ್ಯಾಡ."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ನಾನು ಮುಖವನ್ನೇ ನೋಡಿರದ ಅಪ್ಪನ ಮೇಲೂ ಬಂತು. ಒಂದೇ ಸೂರಿನ ಕೆಳಗೆ ಒಬ್ಬ ಹಲಗೆಯನ್ನು, ಒಬ್ಬಳು ಆಡದ ಮಾತನ್ನು ಎದೆಯಲ್ಲಿಟ್ಟುಕೊಂಡು ಬದುಕಿದ್ದರು. ನಡುವೆ ನಾನು ರೊಟ್ಟಿ, ಸಾರು, ಬಿಸಿನೀರಿನ ಸುದ್ದಿ ಹೊತ್ತು ಓಡಾಡುತ್ತಿದ್ದೆ. ಬೇಕಾಗಿದ್ದ ಮಾತನ್ನು ಇಬ್ಬರೂ ನನ್ನ ಕೈಗೆ ಕೊಡಲಿಲ್ಲ.

ಅವ್ವ ಅವನೆದುರು ಕೂತು ಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಪಲ್ಯ ಹಾಕಿ ಅವನ ಕೈಗಿಟ್ಟಳು.

"ಊಟ ಮಾಡ್ರಿ, ಭಾವಾ."

ಅವನು ರೊಟ್ಟಿ ಹಿಡಿದು ಕೂತ. ಪಲ್ಯ ಜಾರಿ ಮಣ್ಣಿಗೆ ಬಿತ್ತು. ಅವ್ವ ಮತ್ತೆ ಹಾಕಿದಳು. ಅವನಿಗೆ ತಿನ್ನಲಾಗಲಿಲ್ಲ, ಅವಳಿಗೂ ಆಗಲಿಲ್ಲ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಯಾರೂ ನನ್ನನ್ನು ಏನೂ ಹೇಳೆಂದು ಕೇಳಲಿಲ್ಲ.