ಯಾವ ಸಂಕಟ ಎಂದು ನಾನು ಕೇಳಲಿಲ್ಲ

ಚಿನ್ಮಯಿ, ಭುವನ್, ಮೊನ್ನೆ ನೀವಿಬ್ಬರೂ ಹೊಸ ಟ್ಯಾಬಿಗೆ ಕವರು ಹಾಕುತ್ತಿದ್ದಾಗ ನಾನು ಎದ್ದು ಹಿತ್ತಲಿಗೆ ಹೋದೆ. ಅಜ್ಜಿಗೆ ಏನಾಯಿತು ಎಂದು ನೀವು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಆ ರಬ್ಬರಿನ ವಾಸನೆ ಮಕ್ಕಳೇ... ಅದು ನನಗೆ ಮೇಡಮ್ಮನವರ ವಾಸನೆ, ಅವರ ಟ್ಯಾಬಿಗೂ ಅಂಥದೇ ಕವರು ಇತ್ತು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಮ್ಮ ಯಗಟಿಗೆ ಎರಡು ಕಾಲೇಜಿನವರು ಸೇರಿ ಬಂದಿದ್ದರು. ಒಂದು ಡಾಕ್ಟರಿಕೆ ಕಲಿಸುವ ಕಾಲೇಜು, ಇನ್ನೊಂದು ಕಂಪ್ಯೂಟರ್ ಕಲಿಸುವುದು. ಹಳ್ಳಿಯವರು ತಮ್ಮ ಕಾಯಿಲೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅದೇ ಮಾತನ್ನು ಬರೆದುಕೊಂಡು, ಯಾರನ್ನು ಡಾಕ್ಟರು ಮೊದಲು ನೋಡಬೇಕು ಎಂದು ಕಂಪ್ಯೂಟರೇ ವಿಂಗಡಿಸುವಂತೆ ಮಾಡುವುದು ಅವರ ಕೆಲಸ. ಮೇಡಮ್ಮನವರು ಡಾಕ್ಟರ ಕಡೆಯವರು. ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅವರೇ ಪಾಠ ಹೇಳುತ್ತಿದ್ದರು. ಹೊಸಬರಿಗೆ ಹೆಂಗಸರು ಬಾಗಿಲು ತೆರೆಯುವುದಿಲ್ಲವೆಂದು ಮನೆಮನೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಮುಂದೆ ನಡೆಯುತ್ತಿದ್ದೆ, ಮಾತು ಅವರದು.

ಮಧ್ಯಾಹ್ನ ನಮ್ಮ ಜಗಲಿಯಲ್ಲೇ ಊಟ. ನನ್ನ ಓರಗಿತ್ತಿ, ಅಂದರೆ ನಿಮ್ಮ ಚಿಕ್ಕಜ್ಜಿ, ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಮುದ್ದೆ ಅಗೀಬ್ಯಾಡ್ರೀ ಮೇಡಮ್ಮೋರೆ, ನುಂಗಿ. ಡಾಕ್ಟ್ರಿಗೆ ನಾವೇ ಪಾಠ ಮಾಡ್ಬೇಕಾ?"

ಮೇಡಮ್ಮನವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಾ ನುಂಗುತ್ತಿದ್ದರು.

ಒಂದು ದಿನ ಅವರ ವಿದ್ಯಾರ್ಥಿನಿ ಟ್ಯಾಬು ಹಿಡಿದು ಚಿಕ್ಕಜ್ಜಿಯನ್ನು ಕೇಳಿದಳು, ಮೈಗೆ ಏನಾದರೂ ತೊಂದರೆ ಇದೆಯೇ ಎಂದು. "ಏನಿಲ್ಲ ಕಣವ್ವಾ, ಯಾಕೋ ಸಂಕ್ಟ. ಕೊಡ ಹೊತ್ರೆ ಸಂಕ್ಟ, ಕುಂತ್ರೆ ಸುಮಾರು." ಹುಡುಗಿ 'ಸಂಕಟ' ಎಂದಷ್ಟೇ ಒತ್ತಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ.

ಸ್ವಲ್ಪ ದಿನಕ್ಕೆ ತರೀಕೆರೆಯಲ್ಲಿ ಎರಡೂ ಕಾಲೇಜಿನವರ ಸಭೆ. ನನ್ನನ್ನೂ ಕರೆಸಿದರು. ಗೋಡೆಯ ತುಂಬ ನಮ್ಮೂರಿನ ಮಾತುಗಳನ್ನು ಬೆಳಕಿನಲ್ಲಿ ಬಿಟ್ಟಿದ್ದರು, ಎದುರಿಗೆ ಅರ್ಥ. ನಾನು ಏಳನೇ ಕ್ಲಾಸು ಓದಿದವಳು. ಅಷ್ಟು ಜನ ಗಂಡಸರ ಮುಂದೆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ಅಮ್ಮಾ, ಸಂಕಟ ಅಂದ್ರೆ ಮನಸ್ಸಿಗೆ ನೋವು, ದುಃಖ. ಸರಿ ತಾನೇ?" ಎಂದು ಮೇಡಮ್ಮನವರು ಕೇಳಿದರು. ಕಂಪ್ಯೂಟರ್ ಕಡೆಯ ಸಾರ್ ಒಬ್ಬರು ಗಡಿಯಾರ ನೋಡಿಕೊಂಡರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು "ಹೂಂ" ಎಂದೆ.

ನಮ್ಮಲ್ಲಿ ಸಂಕ್ಟ ಎಂದರೆ ಬರೀ ದುಃಖವಲ್ಲ ಎಂದು ನನಗೆ ಗೊತ್ತಿತ್ತು. ಎದೆ ಹಿಡಿದರೂ ಸಂಕ್ಟ, ವಾಕರಿಕೆ ಬಂದರೂ ಸಂಕ್ಟ. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಟೀ ಕುಡಿಯುವಾಗ ಆ ವಿದ್ಯಾರ್ಥಿನಿ ಖುಷಿಯಿಂದ ಹೇಳಿದಳು. ಎದೆನೋವು ಎಂದವರನ್ನು ಈ ವಾರವೇ ಡಾಕ್ಟರು ನೋಡುತ್ತಾರಂತೆ. ಸಂಕಟ ಎಂದವರದು ಬೇಸರದ ಪಟ್ಟಿ, ಅವರಿಗೆ ಸಮಾಧಾನ ಹೇಳುವವರು ಮುಂದಿನ ತಿಂಗಳು ಬರುತ್ತಾರಂತೆ. ನಾನು ಲೋಟ ಅರ್ಧಕ್ಕೇ ಇಟ್ಟು ಬಸ್ಸಿಗೆ ಹೊರಟೆ.

ಕಡೂರಿನವರೆಗೆ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದೆ. ನಿಮ್ಮ ತಾತನ ಮಾತೇ ಕಿವಿಯಲ್ಲಿ. ತೀರಿಕೊಂಡ ದಿನ ಬೆಳಿಗ್ಗೆ ಅವರೂ ಹೀಗೇ, "ಯಾಕೋ ಸಂಕ್ಟ ಕಣೇ, ಒಂದು ಲೋಟ ನೀರು ಕೊಡು" ಎಂದಿದ್ದರು. ಪಿತ್ತವಿರಬೇಕೆಂದು ನಾನು ಜೀರಿಗೆ ಕಷಾಯಕ್ಕೆ ಇಟ್ಟೆ. ಅದು ಕುದಿಯುವ ಹೊತ್ತಿಗೆ... ಅದನ್ನು ಬರೆಯಲಾರೆ.

ಚಿಕ್ಕಜ್ಜಿ ಆಗ ಊರಲ್ಲಿರಲಿಲ್ಲ. ಅಜ್ಜಂಪುರದ ಹತ್ತಿರ ಮಗಳ ಹೊಲದಲ್ಲಿ ಈರುಳ್ಳಿ ಕೀಳಲು ಹೋಗಿದ್ದಳು. ಆ ಬಿಸಿಲಿನಲ್ಲಿ ಬಗ್ಗಿ ಕೀಳುವುದು, ಚೀಲ ಎತ್ತುವುದು.

ಕಡೂರಿನಲ್ಲಿ ಯಗಟಿ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ. ಅವಳ ಮಗಳಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಮೇಡಮ್ಮನವರ ನಂಬರು ಒತ್ತಿದೆ.

"ಮೇಡಂ, ನಾನು ಸುಳ್ಳು ಹೇಳ್ಬಿಟ್ಟೆ."

"ಏನಮ್ಮ? ನಿಧಾನವಾಗಿ ಹೇಳಿ."

"ಸಂಕ್ಟ ಅಂದ್ರೆ ಎದೇನೂ ಹೌದು. ನಮ್ಮ ಓರಗಿತ್ತಿ ಹೇಳಿದ್ದು ಅದೇ. ಅವಳು ಅಜ್ಜಂಪುರದಾಗೆ ಈರುಳ್ಳಿ ಕೀಳ್ತಾವಳೆ. ನಾನು ಕಡೂರು ಬಸ್ ಸ್ಟ್ಯಾಂಡಾಗೆ ಇವ್ನಿ."

"ಅಲ್ಲೇ ಇರಿ, ಬರ್ತೀನಿ" ಎಂದರು.

ಅವರ ಕಾರಿನಲ್ಲಿ ಹೊರಟೆವು. ಅಜ್ಜಂಪುರದ ದಾರಿಯಲ್ಲಿ ಹೊಲದ ಬದುವಿನ ಮೇಲೆ ನಾಲ್ಕು ಜನ ಗುಂಪಾಗಿ ಕಂಡರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಲ್ಲಿ ಯಾರೋ ಬಿದ್ದಿದ್ದಾರೆ, ಅದು ಅವಳೇ... ಹತ್ತಿರ ಹೋದರೆ ಊಟಕ್ಕೆ ಕೂತವರು.

ಅವಳು ಈರುಳ್ಳಿ ಚೀಲಕ್ಕೆ ಒರಗಿ ಕೂತಿದ್ದಳು. ರವಿಕೆಯೆಲ್ಲ ಬೆವರು, ಮುಖ ಬೂದಿ. ನಮ್ಮನ್ನು ಕಂಡು, "ಇದೇನ್ರೀ ಮೇಡಮ್ಮೋರೆ, ಈರುಳ್ಳಿ ಕೀಳಕ್ಕೆ ಬಂದ್ರಾ?" ಎಂದಳು. ದನಿ ಇರಲಿಲ್ಲ.

ಮೇಡಮ್ಮನವರು ಮಣ್ಣಿನಲ್ಲೇ ಮಂಡಿಯೂರಿ ನಾಡಿ ಹಿಡಿದರು. "ಸಂಕಟ ಎಲ್ಲಿ? ಕೈ ಇಟ್ಟು ತೋರಿಸಿ." ಚಿಕ್ಕಜ್ಜಿ ಅಂಗೈಯನ್ನು ಎದೆಯ ನಡುವೆ ಒತ್ತಿದಳು. ಅಲ್ಲಿಂದಲೇ ಆಸ್ಪತ್ರೆ. ಹೃದಯದ ನಾಳ ಕಟ್ಟಿತ್ತಂತೆ, ಅದಕ್ಕೆ ಸ್ಪ್ರಿಂಗಿನಂಥ ಸ್ಟೆಂಟು ಹಾಕಿದರು. ಎದೆಯೊಳಗೆ ಸ್ಪ್ರಿಂಗ್ ಐತೆ ಎಂದು ಅವಳು ಇವತ್ತಿಗೂ ನಿಮಗೆ ಬಡಾಯಿ ಕೊಚ್ಚಿಕೊಳ್ಳುವುದು ಆ ದಿನದ್ದೇ.

ಮೇಡಮ್ಮನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸಂಕಟ ಎಂದಿದ್ದ ಒಬ್ಬೊಬ್ಬ ಹೆಂಗಸಿನ ಮನೆಗೂ ಮತ್ತೆ ಹೋದರು. ಟ್ಯಾಬಿನಲ್ಲಿ ಆ ಮಾತಿನ ಮುಂದೆ ಹೊಸ ಪ್ರಶ್ನೆ ಸೇರಿಸಿದರು: "ಯಾವ ಸಂಕಟ? ಎಲ್ಲಿ?" ಆಮೇಲೆ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಎರಡೂ ಕಡೆಯ ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದರು. "ತಪ್ಪು ನನ್ನದು. ಅರ್ಥ ನಾನೇ ಹೇಳಿ, ಸರಿ ತಾನೇ ಅಂತ ಕೇಳಿದೆ. ಹಾಗೆ ಕೇಳಬಾರದು" ಎಂದು ಅವರಿಗೆ ಹೇಳಿದರು. ಮಾತಾಡಿದೆನೋ ಇಲ್ಲವೋ ನೆನಪಿಲ್ಲ.

ಕೆಲಸ ಮುಗಿದು ಅವರು ಊರು ಬಿಟ್ಟ ಮೇಲೂ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. ಹೋದ ವರ್ಷ ಒಂದು ದಿನ ಚಿಕ್ಕಜ್ಜಿಯ ಎದೆ, ರಾಗಿ, ನಿಮ್ಮ ಓದು ಎಲ್ಲ ವಿಚಾರಿಸಿದ ಮೇಲೆ, "ನಂಗೂ ಯಾಕೋ ಸಂಕಟ ಅಮ್ಮ" ಎಂದರು. ನಕ್ಕರು ಕೂಡ. ಪೇಟೆಯವರು, ಓದಿದವರು. ದುಃಖವೇ ಇರಬೇಕು, ದೊಡ್ಡವರ ಮನೆಯ ವಿಷಯ ನಾನು ಕೆದಕಬಾರದು ಎಂದುಕೊಂಡೆ. "ಎಲ್ಲಾ ಸರಿ ಹೋಯ್ತದೆ ಬಿಡಿ ಮೇಡಂ" ಎಂದೆ.

ಒಂದು ತಿಂಗಳಿಗೆ ಆ ವಿದ್ಯಾರ್ಥಿನಿ ಫೋನು ಮಾಡಿದಳು. ಅವಳೀಗ ಡಾಕ್ಟರು. "ಮೇಡಂ ಹೋಗ್ಬಿಟ್ರು ಅಮ್ಮ" ಎಂದು ಅತ್ತಳು. ಏನಾಗಿತ್ತು ಎಂದು ಕೇಳಲು ಬಾಯಿ ತೆರೆದೆ... ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅವಳು ಏನು ಹೇಳಿಬಿಡುತ್ತಾಳೋ ಎಂಬ ಭಯ ನನಗೆ.

ಮಕ್ಕಳೇ, ಈ ಹಾಳೆಗಳನ್ನು ಕಳೆಯಬೇಡಿ. ಆ ಹೊಸ ಕವರಿನ ಒಳಜೇಬಿನಲ್ಲಿ ಮಡಿಸಿ ಇಟ್ಟುಕೊಳ್ಳಿ. ನಾನು ಯಾವತ್ತಾದರೂ ಸಂಕ್ಟ ಎಂದರೆ, ಎಲ್ಲಿ ಎಂದು ಕೇಳಿ.