ಶಕ್ತಿ ಮಾತ್ರೆ

ಬೀದಿಯ ಮಕ್ಕಳು ಅವಳಿಗೆ ಬಾತುಕೋಳಿ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ವೇಗದ ನಡಿಗೆ ಅನ್ನುವ ಆಟವೇ ಹಾಗೆ. ಓಡುವ ಹಾಗಿಲ್ಲ, ನಿಧಾನಿಸುವ ಹಾಗೂ ಇಲ್ಲ. ಹಿಂದಿನ ಪಾದ ನೆಲ ಬಿಡುವ ಮೊದಲು ಮುಂದಿನದು ನೆಲ ಮುಟ್ಟಿರಬೇಕು, ಮುಂದಿಟ್ಟ ಕಾಲು ಮೊಣಕಾಲಲ್ಲಿ ಬಾಗಕೂಡದು. ಇಷ್ಟೆಲ್ಲ ಕಟ್ಟಳೆ ಹಾಕಿದ ಮೇಲೆ ಮನುಷ್ಯರು ಸೊಂಟ ತಿರುಗಿಸದೆ ಇನ್ನೇನು ಮಾಡಬೇಕು ಹೇಳಿ? ಬೆಳಿಗ್ಗೆ ಆರು ಗಂಟೆಗೆ ಅವಳು ಬಿರಬಿರನೆ ಬೀದಿ ದಾಟುವಾಗ ಹಾಲಿನ ಅಂಗಡಿ ಮುಂದೆ ನಿಂತವರು ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಮೊದಮೊದಲು ಅತ್ತಳು. ಆಮೇಲೆ ಅಭ್ಯಾಸವಾಯಿತು. ಕೊನೆಗೆ ಹೆತ್ತ ತಾಯಿಯೂ 'ಬಾತೂ' ಎಂದೇ ಕರೆಯತೊಡಗಿದಳು.

ತಾಯಿಗೆ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅಂದರೆ ಒಗೆಯುವುದು ಯಂತ್ರವೇ. ಒದ್ದೆ ಚಾದರಗಳನ್ನು ಎಳೆದು ತೆಗೆಯುವುದು, ಒಣಗಿದ್ದನ್ನು ಇಬ್ಬರು ಎದುರುಬದುರು ನಿಂತು ಮಡಿಸುವುದು, ದಿನಕ್ಕೆ ಮುನ್ನೂರು. ರಜಾ ದಿನ ಎದುರಿಗೆ ನಿಂತು ಮಡಿಸುತ್ತಿದ್ದವಳು ಬಾತು. ತಂದೆ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದವನು, ನಾಲ್ಕು ವರ್ಷದ ಹಿಂದೆ ಏಣಿ ಜಾರಿ ಹೋಗಿಬಿಟ್ಟ. ನಡಿಗೆ ಕಲಿಸಿದವರು ನಿವೃತ್ತ ಅಂಚೆಯವರು. "ಮೂವತ್ತೈದು ವರ್ಷ ಕಾಗದ ಹಂಚ್ಕೊಂಡು ನಡೆದೋನು ನಾನು, ನನಗೆ ನಡೆಯೋದು ಹೇಳಿಕೊಡೋಕೆ ಬರ್ತಾರಾ?" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಎಲ್ಲರಿಗೂ ಅವರು ಅಂಚೆ ಮೇಷ್ಟ್ರು.

ಇನ್ನು ಕಾಯಿಲೆಯ ವಿಷಯ. ಇದನ್ನು ನನ್ನ ಹತ್ತಿರ ಬಿಡಿಸಿ ಕೇಳಬೇಡಿ. ನನಗೂ ಅರ್ಥವಾಗಿಲ್ಲ, ಅವಳಿಗಂತೂ ತಲೆಬುಡ ತಿಳಿದಿಲ್ಲ. ತಂದೆ ಹೋದಾಗ ಅವಳು ಗಟ್ಟಿಯಾಗಿಯೇ ಇದ್ದಳು, ತಾಯಿಗೆ ಧೈರ್ಯ ಹೇಳಿದವಳೂ ಅವಳೇ. ಅದಾಗಿ ಎರಡು ವರ್ಷಕ್ಕೆ ದೊಡ್ಡದೊಂದು ಕೂಟದಲ್ಲಿ ಚಿನ್ನದ ಪದಕ ಗೆದ್ದು ಬಂದಳು. "ಖುಷಿ ಆಯ್ತಾ?" ಎಂದು ತಾಯಿ ಕೇಳಿದರೆ "ಹೂಂ" ಅಂದಳು. ಪದಕವನ್ನು ಮೊಳೆಗೆ ತೂಗುಹಾಕಿ ಮಲಗಿದಳು. ಮರುದಿನ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರವಿಲ್ಲ, ನೋವಿಲ್ಲ. ಕಾಲು ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಅಲ್ಲೇ ಬಿದ್ದಿರುತ್ತಿತ್ತು. ಅಳು ಬರುತ್ತಿತ್ತು, ಯಾಕೆಂದು ಗೊತ್ತಿಲ್ಲ.

"ಸೋತೋರು ಅಳ್ತಾರೆ. ಗೆದ್ದು ಬಂದು ಅಳೋದನ್ನ ಎಲ್ಲಾದ್ರೂ ಕಂಡಿದ್ದೀಯೇನೇ?" ತಾಯಿ ಬೈದಳು, ಬೇಡಿಕೊಂಡಳು, ಆಮೇಲೆ ತಾನೂ ಪಕ್ಕದಲ್ಲಿ ಕೂತು ಅತ್ತಳು. ಅಂಚೆ ಮೇಷ್ಟ್ರು ಬಾಗಿಲಲ್ಲಿ ನಿಂತು, "ಒಂದು ಪದಕ ಬಂದ ಕೂಡಲೇ ಸೋಮಾರಿತನ ಮೈಗೆ ಹತ್ತಿತು ನೋಡು!" ಎಂದು ಗುಡುಗಿ ಹೋದರು. ಹನ್ನೆರಡನೇ ತರಗತಿಯ ಪರೀಕ್ಷೆ ಬಂತು, ಹೋಯಿತು. ಬಾತು ಗೋಡೆ ನೋಡುತ್ತಿದ್ದಳು.

ಕೊನೆಗೆ ವಾರ್ಡಿನ ನರ್ಸೊಬ್ಬಳು ತಾಯಿಯ ಕಿವಿಯಲ್ಲಿ ಒಂದು ಮಾತು ಹಾಕಿದಳು. ತಾಯಿ ಮಗಳನ್ನು ಅದೇ ಆಸ್ಪತ್ರೆಗೆ ಕರೆದೊಯ್ದಳು, ಆದರೆ ಬಟ್ಟೆ ಗಾಡಿ ಹೋಗುವ ಹಿಂಬಾಗಿಲಿನಿಂದ. ಮನಸ್ಸಿನ ಡಾಕ್ಟರ ಕೋಣೆಯ ಮುಂದೆ ಮಗಳನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಅವಳಿಗೆ. ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿ, ಬಿಳಿ ಬಣ್ಣದ ಚಿಕ್ಕ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದವಳೇ ತಾಯಿ ಆ ಮಾತ್ರೆಗಳನ್ನೆಲ್ಲ ಖಾಲಿಯಾಗಿದ್ದ ವಿಟಮಿನ್ ಸೀಸೆಯೊಂದಕ್ಕೆ ಸುರಿದಳು.

"ಡಾಕ್ಟರ್ ಚೀಟಿ ಹರಿದು ಹಾಕಿದ್ದೀನಿ. ಯಾರು ಕೇಳಿದ್ರೂ ಶಕ್ತಿ ಮಾತ್ರೆ ಅನ್ನು. ಮೇಷ್ಟ್ರಿಗೂ ಅಷ್ಟೇ."

"ಯಾಕಮ್ಮ?"

"ಯಾಕಂದ್ರೆ? ಹುಚ್ಚು ಹಿಡಿದಿದೆ ಅಂತ ಊರೆಲ್ಲ ಡಂಗುರ ಹೊಡೀಬೇಕಾ?"

ಎದುರು ಮನೆಯ ಟೈಲರಕ್ಕ ಸೀಸೆ ನೋಡಿ ಕೇಳಿದಾಗ ತಾಯಿ ಹಾಗೆಯೇ ಹೇಳಿದಳು. ಹೇಳಿ ಹೇಳಿ ಅವಳಿಗೂ ಅದೇ ನಿಜ ಅನ್ನಿಸತೊಡಗಿತ್ತೋ ಏನೋ.

ಎರಡು ತಿಂಗಳಲ್ಲಿ ಬಾತು ಎದ್ದಳು, ಮೈದಾನಕ್ಕೆ ಹೋದಳು, ಮರುವರ್ಷ ಪರೀಕ್ಷೆಯನ್ನೂ ಬರೆದು ಪಾಸಾದಳು. ಆದರೆ ಗೊಂದಲ ಮಾತ್ರ ಕಡಿಮೆಯಾಗಲಿಲ್ಲ. "ಈಗ ನಗ್ತಿರೋದು ನಾನೋ, ಮಾತ್ರೆನೋ?" ಎಂದು ಡಾಕ್ಟರಮ್ಮನನ್ನೇ ಕೇಳಿದಳು. ಅವರು, "ಕನ್ನಡಕ ಹಾಕ್ಕೊಂಡು ಓದಿದ್ರೆ ಓದಿದ್ದು ಯಾರು? ಕನ್ನಡಕಾನಾ?" ಅಂದರು. ಬಾತು ಹೂಂ ಎಂದು ತಲೆಯಾಡಿಸಿ ಬಂದಳು. ಬೀದಿಯ ತಿರುವಿಗೆ ಬರುವಷ್ಟರಲ್ಲಿ, ಕನ್ನಡಕ ತೆಗೆದರೆ ಮತ್ತೆ ಕಾಣಿಸುವುದಿಲ್ಲವಲ್ಲ, ಹಾಗಾದರೆ? ಎಂಬ ಹೊಸ ಹುಳ ತಲೆಗೆ ಹೊಕ್ಕಿತ್ತು.

ಅಷ್ಟರಲ್ಲಿ ಕಾಲೇಜಿನ ಮಾತು ಬಂತು. ಆಟದವರಿಗೆಂದೇ ಸೀಟು ಇಟ್ಟಿದ್ದ ಕಾಲೇಜು. ಹಾಸ್ಟೆಲ್, ಊಟ, ಓದು ಎಲ್ಲ ಪುಕ್ಕಟೆ. ಆದರೆ ನಡಿಗೆಗೆ ಇದ್ದದ್ದು ಒಂದೇ ಸೀಟು, ಆಯ್ಕೆಯ ಸ್ಪರ್ಧೆಯಲ್ಲಿ ಮೊದಲು ಬಂದವರಿಗೆ. ಸಿಗದಿದ್ದರೆ ಆಸ್ಪತ್ರೆಯ ಮಡಿಸುವ ಮೇಜು ಕಾದಿತ್ತು. ಅಲ್ಲಿ ಒಂದು ಜಾಗ ಖಾಲಿ ಇದೆ, ಮಗಳನ್ನು ಹಾಕಿಬಿಡು ಎಂದು ಮೇಲ್ವಿಚಾರಕರು ಆಗಲೇ ಹೇಳಿದ್ದರು. ಬಾತುವಿಗೆ ಓದಬೇಕಿತ್ತು. ಚಾದರದ ಆ ತುದಿ ಹಿಡಿದು ಜೀವನವಿಡೀ ನಿಲ್ಲುವುದು ಅವಳಿಗೆ ಸುತರಾಂ ಬೇಕಿರಲಿಲ್ಲ.

ಆದರೆ ಗೆಲ್ಲುವುದೆಂದರೂ ಪುಕುಪುಕು. ಹೋದ ಸಲ ಗೆದ್ದ ಮೇಲೆ ತಾನೇ ಅದೆಲ್ಲ ಶುರುವಾದದ್ದು? ಸೋತರೆ ಮೇಜು, ಗೆದ್ದರೆ ಅದು ಮತ್ತೆ ಬಂದರೆ? ಅರ್ಜಿಯಲ್ಲಿ 'ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದೀರಾ?' ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಅರ್ಧ ಗಂಟೆ ಕೂತಳು. ತಾಯಿ "ಇಲ್ಲ ಅಂತ ಬರಿ" ಅಂದಳು. ಕೈ ಓಡಲಿಲ್ಲ. ಖಾಲಿ ಬಿಟ್ಟಳು.

ಸ್ಪರ್ಧೆಯ ದಿನ ಮೈದಾನಕ್ಕೆ ಹನ್ನೆರಡೂವರೆ ಸುತ್ತು. ಪಾದ ನೆಲ ಬಿಟ್ಟರೆ ನೋಡುವುದಕ್ಕೆಂದೇ ಅಲ್ಲಲ್ಲಿ ತೀರ್ಪುಗಾರರು ಬಗ್ಗಿ ನಿಂತಿರುತ್ತಾರೆ. ಕಂಡರೆ ಕೆಂಪು ಚೀಟಿ ಬರೆದು ಕಳಿಸುತ್ತಾರೆ, ಹಲಗೆಯ ಮೇಲೆ ನಿಮ್ಮ ನಂಬರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಮೂರು ಬಿದ್ದರೆ ಮನೆಗೆ ನಡೆಯಿರಿ. ತಮಾಷೆಯೆಂದರೆ, ಪಾದ ನೆಲ ಬಿಟ್ಟದ್ದು ನಡೆಯುವವರಿಗೆ ತಿಳಿಯುವುದೇ ಇಲ್ಲ. ಆರನೇ ಸುತ್ತಿಗೆ ಬಾತುವಿನ ನಂಬರಿಗೆ ಒಂದು ಕೆಂಪು, ಒಂಬತ್ತಕ್ಕೆ ಎರಡು. ಹಿಂದಿನಿಂದ ಹಸಿರು ಅಂಗಿಯ ಹುಡುಗಿಯ ಉಸಿರು ಕೇಳಿಸುತ್ತಿತ್ತು. ಬೇಲಿಯಾಚೆಯಿಂದ ಅಂಚೆ ಮೇಷ್ಟ್ರು, "ಬಾತೂ, ನೆಲ! ನೆಲ ಬಿಡಬೇಡ್ವೇ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಮುಟ್ಟಿದ್ದೇನಾ, ಬಿಟ್ಟಿದ್ದೇನಾ? ಅವಳಿಗೆ ತಿಳಿಯಲಿಲ್ಲ. ತಿಳಿಯದೆಯೇ ನಡೆದಳು. ಎರಡು ಮಾರು ಅಂತರದಲ್ಲಿ ಗೆದ್ದಳು, ಹಲಗೆಯ ಮೇಲೆ ಮೂರನೆಯದು ಬೀಳಲಿಲ್ಲ.

ಗೆದ್ದ ಕೂಡಲೇ ಅವಳು ಮಾಡಿದ ಮೊದಲ ಕೆಲಸವೆಂದರೆ ಎದೆಯ ಮೇಲೆ ಕೈ ಇಟ್ಟುಕೊಂಡು ಬಂತಾ, ಬಂತಾ ಎಂದು ಕಾಯ್ದದ್ದು. ಅಷ್ಟರಲ್ಲಿ ಕ್ರೀಡಾ ನಿರ್ದೇಶಕರ ಕೋಣೆಗೆ ಕರೆ ಬಂತು.

ಮೂಲೆಯಲ್ಲಿ ಒರಗಿಸಿಟ್ಟ ಭರ್ಜಿಗಳು, ಬಲೆಯಲ್ಲಿ ನೇತಾಡುವ ಗಾಳಿ ಹೋದ ಚೆಂಡುಗಳು, ಮೇಜಿನ ಮೇಲೆ ಅವಳ ಅರ್ಜಿ. ತಾಯಿ, ಅಂಚೆ ಮೇಷ್ಟ್ರು ಎರಡೂ ಪಕ್ಕದಲ್ಲಿ. ತೆರೆದ ಬಾಗಿಲಾಚೆ ಹಸಿರು ಅಂಗಿಯ ಹುಡುಗಿ, ಅವಳ ತಾಯಿ, ಇನ್ನೂ ನಾಲ್ಕಾರು ಜನ.

"ನಡಿಗೆ ಚೆನ್ನಾಗಿತ್ತಮ್ಮ," ಅಂದರು ನಿರ್ದೇಶಕರು. "ಆದ್ರೆ ಒಂದು ದೂರು ಬಂದಿದೆ. ನೀನು ಶಕ್ತಿ ಮಾತ್ರೆ ತಗೋತೀಯಂತೆ?"

ಬಾತು ಕಕ್ಕಾಬಿಕ್ಕಿಯಾದಳು. ನಡೆದದ್ದಿಷ್ಟೇ: ಮೈದಾನದ ಮಕ್ಕಳಿಗೆಲ್ಲ ಚಡ್ಡಿ ಹೊಲಿಯುವ ಟೈಲರಕ್ಕ, ಹಸಿರು ಅಂಗಿಯ ಹುಡುಗಿಯ ಅಳತೆ ತೆಗೆಯುವಾಗ, 'ನಮ್ಮ ಬಾತು ನೋಡಿ, ಶಕ್ತಿ ಮಾತ್ರೆ ತಗೊಂಡು ಹೇಗಾಗಿದ್ದಾಳೆ, ನೀವೂ ಕೊಡಿಸಿ' ಎಂದು ಅವಳ ತಾಯಿಗೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆಟದ ಲೋಕದಲ್ಲಿ ಆ ಮಾತಿಗೆ ಗೆಲ್ಲಲು ನುಂಗುವ ಕಳ್ಳ ಮದ್ದು ಎಂಬ ಅರ್ಥ ಬರುತ್ತದೆಂದು ಆಕೆಗೇನು ಗೊತ್ತು?

"ಯಾರ್ರೀ ಹಾಗಂದಿದ್ದು!" ಅಂಚೆ ಮೇಷ್ಟ್ರು ಕೆಂಡಾಮಂಡಲವಾದರು. "ನನ್ನ ಹುಡುಗಿ ನೀರು ಬಿಟ್ಟು ಇನ್ನೇನೂ ಮುಟ್ಟಲ್ಲ!"

"ಹೂಂ ಸಾರ್, ತಗೋತಾಳೆ," ಅಂದಳು ತಾಯಿ ಅದೇ ಉಸಿರಿಗೆ. "ದಿನಾ ಬೆಳಿಗ್ಗೆ ನಾನೇ ಕೈಯಾರೆ ಕೊಡ್ತೀನಿ. ಒಂದಿನಾನೂ ತಪ್ಪಿಸಿಲ್ಲ."

ಅಯ್ಯೋ, ಪುಣ್ಯಾತ್ಗಿತ್ತಿ! ವರ್ಷವಿಡೀ ಉರು ಹೊಡೆದ ಸುಳ್ಳು, ಕೇಳಿದ ಕೂಡಲೇ ತಾನಾಗಿ ಬಾಯಿಂದ ಉದುರಿತು. ನಿರ್ದೇಶಕರ ಹುಬ್ಬು ಮೇಲೇರಿತು. ತಾಯಿಯ ಚೀಲದಿಂದ ಸೀಸೆ ಹೊರಬಂತು. ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ದಪ್ಪ ಕಿತ್ತಳೆ ಬಣ್ಣದ ಗುಳಿಗೆಯ ಚಿತ್ರ. ಬಗ್ಗಿಸಿದರೆ ಅರ್ಜಿಯ ಮೇಲೆ ಪಟಪಟನೆ ಬಿದ್ದವು ಚಿಕ್ಕ ಬಿಳಿ ಮಾತ್ರೆಗಳು.

"ಮೇಲೊಂದು, ಒಳಗೊಂದು. ಇಂಥದಕ್ಕೆ ಸೀಟು ಕೊಟ್ಟರೆ ನಾಳೆ ಜನ ನನ್ನ ಮುಖಕ್ಕೆ ಉಗೀತಾರೆ. ಮೇಷ್ಟ್ರೇ, ಎರಡನೇ ಹುಡುಗೀನ ಒಳಗೆ ಕಳಿಸಿ."

ತಾಯಿ ಮೇಜಿನ ಕೆಳಗೆ ಮಗಳ ಮಣಿಕಟ್ಟು ಹಿಡಿದಿದ್ದಳು. ಸುಮ್ಮನಿದ್ದರೆ ಮೋಸಗಾತಿ, ಬಾಯಿ ಬಿಟ್ಟರೆ ಹುಚ್ಚಿ. ಯಾವುದು ವಾಸಿ? ಬಾತು ಯೋಚಿಸಿ ನೋಡಿದಳು, ಏನೂ ಹೊಳೆಯಲಿಲ್ಲ. ಹೊಳೆಯುವ ಮೊದಲೇ ಬಾಯಿ ಮಾತಾಡಿಬಿಟ್ಟಿತ್ತು.

"ಅದು ಶಕ್ತಿ ಮಾತ್ರೆ ಅಲ್ಲ ಸಾರ್. ನನಗೆ ಮನಸ್ಸಿನ ಕಾಯಿಲೆ. ಒಂದು ವರ್ಷದಿಂದ ತಗೋತಿದ್ದೀನಿ."

ಮಣಿಕಟ್ಟಿನ ಹಿಡಿತ ಬಿಗಿಯಾಯಿತು.

"ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಒಂದೊಂದು ಕಾಯಿಲೆ ಬರುತ್ತಮ್ಮ," ಅಂದರು ನಿರ್ದೇಶಕರು. "ಪುರಾವೆ ಏನು?"

ಪುರಾವೆ ಎಲ್ಲಿಯದು? ಚೀಟಿ ಹರಿದು ಹಾಕಿ ವರ್ಷವಾಗಿತ್ತು. ಬಾತುವಿನ ಕಣ್ಣು ತುಂಬಿತು. ಆಗ ಮಣಿಕಟ್ಟಿನ ಮೇಲಿನ ಕೈ ಸಡಿಲವಾಯಿತು. ತಾಯಿ ಕೊರಳಲ್ಲಿ ನೇತಾಡುತ್ತಿದ್ದ ಆಸ್ಪತ್ರೆಯ ಗುರುತಿನ ಕಾರ್ಡನ್ನು ಮೇಲೆತ್ತಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆರಳು ತೂರಿಸಿ, ತನ್ನ ಫೋಟೋದ ಹಿಂದಿನಿಂದ ಎಂಟು ಮಡಿಕೆಯ ಕಾಗದವೊಂದನ್ನು ಎಳೆದಳು.

"ಹರಿದು ಹಾಕಿದೆ ಅಂದಿದ್ದೆ?" ಬಾತು ಪಿಸುಗುಟ್ಟಿದಳು.

"ಕೈ ಬರಲಿಲ್ಲ ಕಣೇ."

ನಿರ್ದೇಶಕರು ಕಾಗದ ಬಿಡಿಸಿದರು. ಓದುತ್ತ ಅವರ ದನಿ ಸಣ್ಣದಾಯಿತು, ಬಾಗಿಲ ಕಡೆ ಒಮ್ಮೆ ನೋಡಿ ಎದ್ದು ಅದನ್ನು ಮುಚ್ಚಲು ಹೋದರು.

"ಮುಚ್ಚಬೇಡಿ ಸಾರ್," ಅಂದಳು ತಾಯಿ. "ಜೋರಾಗೇ ಓದಿ. ಕಾಯಿಲೆ ಹೆಸರೂ ಓದಿ, ಎಲ್ಲರಿಗೂ ಕೇಳಲಿ. ನನ್ನ ಮಗಳು ಮೋಸಗಾತಿ ಅಲ್ಲ. ಸುಳ್ಳು ಹೇಳಿದ್ದು ನಾನು."

ಅವರು ಜೋರಾಗಿ ಓದಲಿಲ್ಲ. ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿ ಡಾಕ್ಟರಮ್ಮನ ಹತ್ತಿರ ಮಾತಾಡಿದರು. ಆಮೇಲೆ ಆಟಗಾರರು ಮುಟ್ಟಬಾರದ ಔಷಧಿಗಳ ಪಟ್ಟಿ ಹೊರತೆಗೆದರು. ಅಂಚೆ ಮೇಷ್ಟ್ರು ವಿಳಾಸ ಹುಡುಕುವವರ ಹಾಗೆ ಹೆಸರುಗಳ ಮೇಲೆ ಬೆರಳಾಡಿಸುತ್ತ, ಆ ಮಾತ್ರೆಯ ಹೆಸರಿದೆಯೇ ಎಂದು ಎರಡು ಸಲ ಓದಿದರು. ಇರಲಿಲ್ಲ. ಪಟ್ಟಿಯನ್ನು ಮೇಜಿನ ಮೇಲಿಟ್ಟು ಅವರು ಬಾತುವಿನ ಕಡೆ ತಿರುಗಿದರು.

"ನನಗಾದ್ರೂ ಒಂದು ಮಾತು ಹೇಳೋದಲ್ವೇನೇ? ಸೋಮಾರಿ ಅಂತ ಬೈದೆನಲ್ಲೇ ನಿನ್ನ..." ಎಂದವರು ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಸಾಲು ಖಾಲಿ ಬಿಟ್ಟಿದ್ದೀಯ," ನಿರ್ದೇಶಕರು ಅರ್ಜಿಯನ್ನೂ ಪೆನ್ನನ್ನೂ ಅವಳತ್ತ ಸರಿಸಿದರು. ಬಾತು 'ಹೌದು' ಎಂದು ಬರೆದಳು. ಅವರು ಕೆಳಗೆ ಸಹಿ ಹಾಕಿ, "ಹಾಸ್ಟೆಲ್ ನರ್ಸಿಗೆ ಈ ಚೀಟಿ ತೋರಿಸಿಡು. ಸೋಮವಾರ ಹಾಸಿಗೆ ತಗೊಂಡು ಬಾ," ಅಂದರು.

ಬಸ್ಸಿನಲ್ಲಿ ತಾಯಿ ಕಿಟಕಿ ಪಕ್ಕ ಕೂತು ಸೀಸೆಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅರ್ಧ ಬಂತು, ಅರ್ಧ ಅಂಟಿಕೊಂಡೇ ಇತ್ತು. ಮುಂದಿನ ಸಲ ಡಾಕ್ಟರ ಹತ್ತಿರ ಮುಂದಿನ ಬಾಗಿಲಿನಿಂದಲೇ ಹೋಗೋಣ ಎಂದು ಯಾರಿಗೋ ಹೇಳುವ ಹಾಗೆ ಹೇಳಿದಳು. ಬಾತು ಸೀಟಿನ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕಾಲೇಜು ಸಿಕ್ಕಿತ್ತು. ಎದೆಯೊಳಗೆ ಹುಡುಕಿದಳು. ಅಲ್ಲಿ ಏನೋ ಇತ್ತು, ಸಂತೋಷವೋ, ಸುಸ್ತೋ, ಅದೇ ಮತ್ತೆ ಬರುತ್ತಿದೆಯೋ, ಒಂದೂ ತಿಳಿಯಲಿಲ್ಲ.

"ಖುಷಿ ಆಯ್ತಾ?" ತಾಯಿ ಕೇಳಿದಳು.

ಹೂಂ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾತು ಅದನ್ನು ನುಂಗಿದಳು.

"ಗೊತ್ತಾಗ್ತಿಲ್ಲಮ್ಮ."

ಕೆರೆಯುತ್ತಿದ್ದ ಉಗುರು ನಿಂತಿತು. ತಾಯಿ ಈ ಸಲ ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಮಗಳ ಮಣಿಕಟ್ಟಿನ ಮೇಲೆ ತನ್ನದೇ ಬೆರಳುಗಳು ಮೂಡಿಸಿದ್ದ ಕೆಂಪು ಗುರುತನ್ನು ಮೆಲ್ಲಗೆ ಸವರಿದಳು.

"ಗೊತ್ತಾದಾಗ ಹೇಳು," ಅಂದಳು. "ಗೊತ್ತಾಗದಿದ್ರೂ ಹೇಳು."